ಒಂದು ಸಲ ಕಂಡರೆ ಕಂಡಂತಲ್ಲ

ಮೇಸ್ತ್ರಿ ತೀರಿಕೊಂಡ ಹನ್ನೊಂದನೆಯ ದಿನ ನ್ಯಾಮತಿ ಹತ್ತಿರದ ಅವರ ಊರಿನಲ್ಲಿ, ಮನೆಯ ಹಿಂದಿನ ಕಟ್ಟೆಯ ಮೇಲೆ ಕಾಗೆಗೆ ಎಡೆ ಇಟ್ಟರು. ಇಂಥ ಹೊತ್ತಿನಲ್ಲಿ ಕಾಗೆ ಬರಲಿ ಎಂದು ಜನ ಅರ್ಧ ಗಂಟೆ ಕೈಮುಗಿದು ನಿಲ್ಲುವುದನ್ನು ನಾನು ನೋಡಿದ್ದೇನೆ. ಇಲ್ಲಿ ಬಾಳೆಲೆ ಇಟ್ಟವರು ಎರಡು ಹೆಜ್ಜೆ ಹಿಂದೆ ಸರಿಯುವಷ್ಟರಲ್ಲಿ ಬಂದವು. ನಾನು ಎಣಿಸಿದ್ದು ಹದಿನಾಲ್ಕು, ನುಗ್ಗೆ ಮರದ ಆಚೆ ಕೂತವನ್ನು ಬಿಟ್ಟು.

ಮೇಸ್ತ್ರಿಯ ಭಾವಮೈದ ಕಣ್ಣು ಒರೆಸಿಕೊಂಡು, "ಜೀವ ತೃಪ್ತಿಯಾಗೈತೆ. ನೋಡ್ರಿ, ಹೆಂಗೆ ಬಂದ್ವು" ಎಂದರು.

ಮೇಸ್ತ್ರಿಯ ಹೆಂಡತಿ ಅತ್ತು ಮುಗಿಸಿದ ದನಿಯಲ್ಲಿಯೇ ಹೇಳಿದರು: "ತೃಪ್ತಿ ಎಲ್ಲಿಂದ ಬರ್ಬೇಕು? ಮೂವತ್ತು ವರ್ಷ ಅವುಗಳ ಗೂಡು ಕಿತ್ತಾರೆ. ಈಗಾದ್ರೂ ಕೈಗೆ ಸಿಕ್ರಲ್ಲ ಅಂತ ಬಂದಾವೆ."

ಯಾರೂ ನಗಲಿಲ್ಲ. ನಗುತ್ತಿದ್ದವರು ಒಬ್ಬರೇ, ಅವರು ಅಂದು ಅಲ್ಲಿರಲಿಲ್ಲ.

ಊಟವಾದ ಮೇಲೆ ಆಕೆ ಒಳಗಿನಿಂದ ಒಂದು ಉದ್ದನೆಯ ನೋಟ್‌ಬುಕ್ ತಂದು ನನ್ನ ಕೈಗಿಟ್ಟರು. ರಟ್ಟಿಗೆ ಹಳೆಯ ಕ್ಯಾಲೆಂಡರಿನ ಹಾಳೆ ಹೊದಿಸಿತ್ತು. "ದಿನಾ ಫೋನ್ನಾಗೆ ಹಕ್ಕಿ ಹೆಸರು ಹೇಳ್ಕಂತಿದ್ದೋರು ನೀವಿಬ್ರೇ. ನೀವೇ ಇಟ್ಕಳ್ರಿ. ಇಲ್ಲಿ ಇದ್ರೆ ಗೆದ್ದಲಿಗೆ ಆಗ್ತದೆ" ಎಂದರು. ನಾನು ಅದನ್ನು ಬಸ್ಸಿನಲ್ಲಿ ತೆರೆಯಲಿಲ್ಲ. ಮನೆಗೆ ಬಂದ ಮೇಲೆಯೂ ಮೂರು ದಿನ ತೆರೆಯಲಿಲ್ಲ. ಯಾಕೆ ಎಂಬುದನ್ನು ಹೇಳಬೇಕಾದರೆ ಮೊದಲಿನಿಂದ ಹೇಳಬೇಕು.

ನಾನು ಚನ್ನಗಿರಿ ತಾಲ್ಲೂಕಿನ ಒಂದು ವಿದ್ಯುತ್ ಸಬ್‌ಸ್ಟೇಷನ್ನಿನಲ್ಲಿ ಆಪರೇಟರ್. ಮೇಸ್ತ್ರಿ ಲೈನಿನವರು; ಕಂಬ ಹತ್ತುವ ಲೈನ್‌ಮನ್‌ಗಳಲ್ಲಿ ಹಿರಿಯರಾದವರನ್ನು ನಮ್ಮಲ್ಲಿ ಮೇಸ್ತ್ರಿ ಎನ್ನುತ್ತಾರೆ. ಅವರು ಕಂಬ ಹತ್ತುವ ಮೊದಲು ಕರೆಂಟ್ ತೆಗೆಯುವವನು ನಾನು, ಇಳಿದ ಮೇಲೆ ಹಾಕುವವನೂ ನಾನು. ಇದಕ್ಕೆ ಲೈನ್ ಕ್ಲಿಯರ್ ಎಂದು ಹೆಸರು. ಲೈನ್‌ಮನ್ ಫೋನ್ ಮಾಡಿ ಲೈನ್ ಕ್ಲಿಯರ್ ಕೇಳುತ್ತಾನೆ. ನಾನು ಆಫ್ ಮಾಡಿ, ಗಡಿಯಾರ ನೋಡಿ ಲಾಗ್‌ಪುಸ್ತಕದಲ್ಲಿ ಹೊತ್ತು ಬರೆದು, ಕೊಟ್ಟೆ ಎನ್ನುತ್ತೇನೆ. ಕೆಲಸ ಮುಗಿದ ಮೇಲೆ ಅದೇ ಮನುಷ್ಯ ಅದನ್ನು ವಾಪಸ್ ಕೊಡಬೇಕು. ಅಲ್ಲಿಯತನಕ ಯಾರು ಏನೇ ಹೇಳಿದರೂ ನಾನು ಸ್ವಿಚ್ಚಿನ ಹಿಡಿ ಮುಟ್ಟುವಂತಿಲ್ಲ. ಕೇಳಲು ಸರಳವಾಗಿದೆ. ಆದರೆ ಗಾಳಿಯಲ್ಲಿ ನಿಂತು ಫೋನಿನಲ್ಲಿ ಕೂಗುವ ಗಂಡಸರ ದನಿಯೆಲ್ಲ ಒಂದೇ ತರಹ ಇರುತ್ತದೆ.

ನಾನು ಕೆಲಸಕ್ಕೆ ಸೇರಿದ ಮೊದಲ ವಾರ ಒಂದು ಬೆಳಿಗ್ಗೆ ಫೋನ್ ಬಂತು.

"ಆಪರೇಟ್ರೇ, ಲೈನ್ ಕ್ಲಿಯರ್ ಕೊಡ್ರಿ. ಇವತ್ತಿಂದು ಮಿಂಚುಳ್ಳಿ."

"ಏನು ಮಿಂಚುಳ್ಳಿ?"

"ಬರ್ಕಳ್ರಿ. ವಾಪಸ್ ಕೊಡೋವಾಗ ಇದೇ ಹಕ್ಕಿ ಹೆಸರು ಹೇಳ್ತೀನಿ. ಹೇಳ್ದೆ ಇದ್ರೆ, ನಾನೇ ದೇವ್ರಾಣೆ ಮಾಡಿದ್ರೂ ಲೈನ್ ಹಾಕ್‌ಬ್ಯಾಡ್ರಿ."

"ನಂಬರ್ ಹೇಳಿದ್ರೆ ಆಗಲ್ವಾ ಮೇಸ್ತ್ರಿ?"

"ನಂಬರ್ ಮರೀತೈತೆ. ಹಕ್ಕಿ ಮರೆಯಾಕಿಲ್ಲ. ಬೆಳಿಗ್ಗೆ ಕಂಡಿರ್ತೀನಲ್ಲ."

ಅದು ಅವರದೇ ಪದ್ಧತಿ. ಇಲಾಖೆಯ ಯಾವ ಪುಸ್ತಕದಲ್ಲಿಯೂ ಇಲ್ಲ. ಅಂದು ಬೆಳಿಗ್ಗೆ ಕಣ್ಣಾರೆ ಕಂಡ ಹಕ್ಕಿಯ ಹೆಸರನ್ನೇ ಕೊಡಬೇಕು. ಹಾಗಾಗಿ ನನ್ನ ಲಾಗ್‌ಪುಸ್ತಕದ ಅಂಚು ವರ್ಷ ಕಳೆದಂತೆ ಒಂದು ಪಂಚಾಂಗವಾಯಿತು. ಚಳಿಗಾಲದಲ್ಲಿ ಸೂಳೆಕೆರೆಗೆ ಬರುವ ಬಾತುಗಳು. ಮಾರ್ಚಿನಲ್ಲಿ ನೀಲಕಂಠ, ಚಂದ್ರಮುಕುಟ. ಏಪ್ರಿಲ್ ಪೂರ್ತಿ ಕೋಗಿಲೆ. ಚಾತಕ ಎಂದು ಬರೆದ ದಿನದಿಂದ ನಾನು ಕೊಡೆ ಹಿಡಿದುಕೊಂಡು ಡ್ಯೂಟಿಗೆ ಹೋಗುತ್ತಿದ್ದೆ. ಹವಾಮಾನದವರನ್ನು ನಂಬಿ ನೆನೆದದ್ದುಂಟು, ಮೇಸ್ತ್ರಿಯನ್ನು ನಂಬಿ ನೆನೆದದ್ದಿಲ್ಲ. ಇವುಗಳಲ್ಲಿ ಒಂದು ಹಕ್ಕಿಯನ್ನೂ ನಾನು ಗುರುತಿಸಲಾರೆ ಎಂಬುದು ಬೇರೆ ಮಾತು. ನನ್ನ ಕೆಲಸ ಕಿಟಕಿಗೆ ಬೆನ್ನು ಮಾಡಿ ಮೀಟರು ನೋಡುವುದು.

ಅವರ ಇನ್ನೊಂದು ನಿಯಮವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಒಂದು ಸಲ ಕಂಡರೆ ಕಂಡಂತಲ್ಲ. ಎರಡು ಸಲ ಕಂಡರೆ ಮಾತ್ರ ನೋಟ್‌ಬುಕ್ಕಿನ ಮುಂದಿನ ಹಾಳೆಗಳಿಗೆ ಬರುತ್ತದೆ, ಅಲ್ಲಿಯತನಕ ಹಿಂದಿನ ಹಾಳೆಯಲ್ಲಿ ಕಾಯಬೇಕು. ಅಥವಾ ತಾನು ಒಂದು ಸಲ ಕಂಡು, ಇನ್ನೊಬ್ಬ ಮನುಷ್ಯ ಅದನ್ನೇ ಕಂಡು, ಆ ಮನುಷ್ಯ ಸಹಿ ಹಾಕಿದರೂ ಆಗಬಹುದು. ಹೊನ್ನಾಳಿಯಲ್ಲಿದ್ದಾಗ ಒಂದು ಬೇಸಿಗೆ, ತುಂಗಭದ್ರೆ ಇಳಿದು ಮರಳದಿಬ್ಬ ಎದ್ದಿದ್ದಾಗ, ಬೆಳಗಿನ ಹೊತ್ತು ನಾಲ್ಕು ನೀರುನಾಯಿ ಕಂಡಿದ್ದರಂತೆ. ಮತ್ತೆ ಹದಿನೈದು ದಿನ ಹೋಗಿ ಕೂತರೂ ಕಾಣಲಿಲ್ಲ. ಕೊನೆಗೆ ಅಲ್ಲಿ ಬಲೆ ಹಾಕುವ ಮುದುಕನೊಬ್ಬ, "ಅವಾ? ನನ್ನ ಮೀನು ತಿನ್ನೋ ಮುಂಡೇವು, ನಾ ದಿನಾ ನೋಡ್ತೀನಿ" ಎಂದು ಬೈದ. ಮೇಸ್ತ್ರಿ ಆ ಬೈಗಳಕ್ಕೆ ಅವನ ಹೆಬ್ಬೆಟ್ಟು ಒತ್ತಿಸಿಕೊಂಡು, ನೀರುನಾಯಿಯನ್ನು ಹಿಂದಿನ ಹಾಳೆಯಿಂದ ಮುಂದಕ್ಕೆ ತಂದರು.

ಕೆಲಸದಲ್ಲಿಯೂ ಅದೇ ನಿಯಮ. "ಲೈನ್ ಆಫ್ ಮಾಡೀನಿ ಅಂತ ನೀವು ಹೇಳಿದ್ದು ಒಂದ್ಸಲ" ಎನ್ನುತ್ತಿದ್ದರು. "ನಾನು ಅರ್ಥ್ ರಾಡ್ ಹಾಕಿದ್ಮೇಲೆ ಎರಡು ಸಲ." ಅರ್ಥ್ ರಾಡ್ ಎಂದರೆ ಕೆಲಸ ಮಾಡುವ ಜಾಗಕ್ಕಿಂತ ಹಿಂದಿನ ಕಂಬದಲ್ಲಿ ತಂತಿಗಳಿಗೆ ಕೊಕ್ಕೆ ಸಿಕ್ಕಿಸಿ ನೆಲಕ್ಕೆ ಇಳಿಬಿಡುವ ಸಾಧನ. ತಪ್ಪಿ ಕರೆಂಟ್ ಬಂದರೆ ಅಲ್ಲಿಯೇ ಕಿಡಿ ಹಾರಿ ನೆಲಕ್ಕೆ ಹರಿಯುತ್ತದೆ, ಇತ್ತ ಸ್ಟೇಷನ್ನಿನಲ್ಲಿ ಲೈನ್ ತಾನಾಗಿ ಬೀಳುತ್ತದೆ, ಎಂದರೆ ಕರೆಂಟ್ ಕಡಿದುಹೋಗುತ್ತದೆ. ಎಲ್ಲರೂ ಹಾಕಬೇಕು. ಬಿಸಿಲಿನಲ್ಲಿ ಎಲ್ಲರೂ ಹಾಕುವುದಿಲ್ಲ.

ಮೇಲಿನವರಿಗೆ ಇವರ ಮೇಲೆ ಸಿಟ್ಟು ಬರುವುದಕ್ಕೆ ಕಾರಣಗಳಿದ್ದವು. ಸಂತೇಬೆನ್ನೂರು ಕಡೆ ಲೈನಿಗೆ ವಾಲಿದ್ದ ಒಣಮರವೊಂದನ್ನು ಕಡಿಯಲು ಹೇಳಿದರೆ, ಪೊಟರೆಯಲ್ಲಿ ಹಾಲಕ್ಕಿ ಮರಿ ಮಾಡಿದೆ ಎಂದು ಇಪ್ಪತ್ತು ದಿನ ತಳ್ಳಿದರು; ಪ್ರತಿ ದಿನವೂ ಕೊಡಲಿಗೆ ಕಾವು ಇಲ್ಲ ಎಂದು ವರದಿ ಮಾಡಿದರು. ಇಪ್ಪತ್ತೊಂದನೆಯ ದಿನ ಅವರಿಗೆ ಜಗಳೂರಿಗೆ ವರ್ಗವಾಯಿತು. ನಮ್ಮಲ್ಲಿ ಯಾರಿಗಾದರೂ ಬುದ್ಧಿ ಕಲಿಸಬೇಕೆಂದರೆ ಜಗಳೂರಿಗೆ ಹಾಕುವುದು ವಾಡಿಕೆ. ಬಿಸಿಲು, ಕುರುಚಲು, ದೂರ. ಆದೇಶ ಕೈಗೆ ಬಂದಾಗ ಮೇಸ್ತ್ರಿ ಅದನ್ನು ಎರಡು ಸಲ ಓದಿ, "ತೋಳ ನೋಡಿಲ್ಲ ನಾನು" ಎಂದರು. ಅಷ್ಟೇ. ಎರಡು ವರ್ಷದ ನಂತರ, ಶಿಕ್ಷೆ ಸಾಕು ಎಂದು ವಾಪಸ್ ಕರೆಸಿದಾಗ ಮುಖ ಸಣ್ಣದು ಮಾಡಿಕೊಂಡು ಬಂದರು. ತೋಳವನ್ನು ಎರಡು ಸಲ ಕಂಡಿದ್ದರು. ಆದರೆ ಎರಡು ಸಲವೂ ಒಂದೇ ತೋಳವೋ, ಬೇರೆ ಬೇರೆಯೋ ಎಂಬ ಸಂಶಯ ಉಳಿದಿತ್ತು.

"ಎರಡು ಸಲ ತೋಳ ಕಂಡೀರಿ ತಾನೇ? ಬರೀರಿ ಮತ್ತೆ" ಎಂದೆ.

"ನೀವು ಒಂದೇ ಮೀಟರ್ ಎರಡು ಸಲ ಓದಿ, ಎರಡು ಮೀಟರ್ ಅದಾವೆ ಅಂತ ಬರೀತೀರಾ?"

ಇನ್ನು ಕಾಗೆಯ ವಿಚಾರ. ಬೇಸಿಗೆ ಬಂದರೆ ಕಾಗೆಗಳು ಕಂಬದ ತುದಿಯಲ್ಲಿ ಗೂಡು ಕಟ್ಟುತ್ತವೆ. ಕಡ್ಡಿಯ ಜೊತೆಗೆ ಎಲ್ಲೆಲ್ಲಿಂದಲೋ ತಂತಿ ಚೂರು ತಂದು ಹೆಣೆಯುತ್ತವೆ. ಮೊದಲ ಮಳೆ ಬಿದ್ದ ದಿನ ಅದು ಲೈನಿಗೆ ತಗುಲಿ ಊರಿಗೆ ಊರೇ ಕತ್ತಲಾಗುತ್ತದೆ. ಆದ್ದರಿಂದ ಮೇ ತಿಂಗಳಲ್ಲಿ ಗೂಡು ತೆಗೆಯಬೇಕೆಂದು ಆದೇಶ ಬರುತ್ತದೆ. ಎಲ್ಲರೂ ಕೋಲಿನಿಂದ ತಿವಿದು ಕೆಳಗೆ ಬೀಳಿಸುತ್ತಾರೆ. ಮೇಸ್ತ್ರಿ ಬಿದಿರಿನ ಪುಟ್ಟಿಯೊಂದನ್ನು ಬೈಕಿನ ಹಿಂದೆ ಕಟ್ಟಿಕೊಂಡು ಓಡಾಡುತ್ತಿದ್ದರು. ಗೂಡನ್ನು ಹಾಗೆಯೇ ಎತ್ತಿ ಪುಟ್ಟಿಗಿಟ್ಟು, ಹತ್ತಿರದ ಮರ ಹತ್ತಿ ಕವಲಿಗೆ ಕಟ್ಟುತ್ತಿದ್ದರು. ಅರ್ಧಕ್ಕರ್ಧ ಗೂಡುಗಳಿಗೆ ಕಾಗೆ ತಿರುಗಿ ಬರುತ್ತಿರಲಿಲ್ಲ, ಅದನ್ನೂ ಬರೆದಿಡುತ್ತಿದ್ದರು.

ಕಾಗೆಗಳು ಈ ಉಪಕಾರವನ್ನು ಉಪಕಾರವೆಂದು ತಿಳಿಯಲಿಲ್ಲ. ಅವರ ತಲೆಯನ್ನು ಕುಟ್ಟುತ್ತಿದ್ದವು. ತಲೆಗೆ ಕಾಗೆ ಮುಟ್ಟಿದರೆ ಸಾವಿನ ಸೂಚನೆ, ಮೈಲಿಗೆ ಎಂದು ನಮ್ಮ ಕಡೆ ನಂಬಿಕೆ. ಹೊಸ್ತಿಲು ದಾಟುವ ಮೊದಲು ಮೈಮೇಲಿನ ಬಟ್ಟೆಯ ಸಮೇತ ನೀರು ಹಾಕಿಕೊಳ್ಳಬೇಕು. ಮೇಸ್ತ್ರಿಯ ಹೆಂಡತಿ ಮೇ ತಿಂಗಳು ಪೂರ್ತಿ ಬಾಗಿಲ ಹೊರಗೆ ಒಂದು ಕೊಡ ನೀರು ತುಂಬಿಟ್ಟಿರುತ್ತಿದ್ದರು. ಒಮ್ಮೆ ನಾನು ಅವರ ಮನೆಗೆ ಹೋದಾಗ ಇದು ನಡೆಯುತ್ತಿತ್ತು.

"ಎಷ್ಟು ಸಲ ಮುಟ್ಟಿತು ಇವತ್ತು?" ಎಂದು ಆಕೆ ಕೇಳಿದರು.

"ಏಳು."

"ಏಳು ಸಲ ಸಾಯ್ಬೇಕಿತ್ತು ನೀವು. ಬಗ್ಗಿ." ಕೊಡ ಎತ್ತಿ ಸುರಿದರು. "ಆಪರೇಟ್ರು ಬಂದಾರೆ, ಒದ್ದೆ ಬಟ್ಟೇಲಿ ಕುರ್ಚಿ ಮೇಲೆ ಕೂರ್‌ಬ್ಯಾಡ್ರಿ."

"ಹೆಲ್ಮೆಟ್ಟಿಗೆ ಮುಟ್ಟಿದ್ದು ಲೆಕ್ಕಕ್ಕೆ ಬರಾಕಿಲ್ಲ ಕಣೇ" ಎಂದು ಮೇಸ್ತ್ರಿ ನೀರಿನ ಒಳಗಿಂದಲೇ ವಾದಿಸಿದರು.

ಈಗ ಆ ದಿನಕ್ಕೆ ಬರುತ್ತೇನೆ. ಹೊತ್ತುಗಳನ್ನು ಅಂದಾಜಿನಿಂದ ಹೇಳುತ್ತಿಲ್ಲ. ನನ್ನ ಮೇಜಿನ ಎದುರಿನ ಗೋಡೆಗೆ ಗಡಿಯಾರವಿದೆ, ಅಂದು ನಾನು ಅದನ್ನು ಬಿಟ್ಟು ಬೇರೇನನ್ನೂ ಹೆಚ್ಚು ನೋಡಲಿಲ್ಲ.

ಮೇ ತಿಂಗಳ ನಡುವಿನ ಒಂದು ದಿನ. ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಮೇಸ್ತ್ರಿ ಸೂಳೆಕೆರೆ ಕಡೆಯ ಲೈನಿಗೆ ಲೈನ್ ಕ್ಲಿಯರ್ ತೆಗೆದುಕೊಂಡರು. ಹಕ್ಕಿ ಕೆಂಬೂತ. ಅದೇ ಲೈನಿನಲ್ಲಿ ಒಬ್ಬ ಗುತ್ತಿಗೆದಾರನ ಆಳುಗಳು ಕೊಂಬೆ ಕಡಿಯುವವರಿದ್ದರು. ಲೈನ್ ಕ್ಲಿಯರ್ ಇದ್ದದ್ದು ಮೇಸ್ತ್ರಿಯ ಹೆಸರಿನಲ್ಲಿ ಮಾತ್ರ.

ಅದೇ ದಿನ ಕೆರೆಯ ದಂಡೆಯ ಸಮುದಾಯ ಭವನದಲ್ಲಿ ಬೇಸಿಗೆಯ ಪಕ್ಷಿ ವೀಕ್ಷಣಾ ಶಿಬಿರದ ಉದ್ಘಾಟನೆ. ದೂರದಿಂದ ತಜ್ಞರು ಬಂದಿದ್ದರು. ಪರದೆಯ ಮೇಲೆ ನೂರಾರು ಹಕ್ಕಿಗಳ ಚಿತ್ರ ತೋರಿಸುವವರಿದ್ದರು. ಮೈಕು, ಫ್ಯಾನು, ಪ್ರೊಜೆಕ್ಟರು ಎಲ್ಲವೂ ನಾನು ಆಫ್ ಮಾಡಿದ ಲೈನಿನ ಮೇಲೆಯೇ ಇದ್ದವು. ಹೀಗೆ, ಒಬ್ಬ ಮನುಷ್ಯ ಗೂಡೊಂದನ್ನು ಜೋಪಾನವಾಗಿ ಇಳಿಸುತ್ತಿದ್ದ ಕಾರಣಕ್ಕೆ ಮೈಲಿ ದೂರದಲ್ಲಿ ಐವತ್ತು ಜನ ಪಕ್ಷಿಪ್ರೇಮಿಗಳು ಬೆವರುತ್ತಾ ಕೂತಿದ್ದರು.

ಹನ್ನೆರಡು ಹತ್ತಕ್ಕೆ ಗುತ್ತಿಗೆದಾರ ಫೋನ್ ಮಾಡಿದ.

"ಕೊಂಬೆ ಕೆಲಸ ಮುಗೀತು ರೀ. ಎಲ್ಲಾ ಇಳಿದಿದೀವಿ. ಲೈನ್ ಹಾಕ್ರಿ."

"ಮೇಸ್ತ್ರಿ ಎಲ್ಲಿ?"

"ಅವ್ರೂ ಇಳಿದ್ರು. ಬೈಕ್ ಹತ್ರ ಹೋದ್ರು, ನಾನೇ ನೋಡ್ದೆ."

"ಹಕ್ಕಿ ಯಾವ್ದು ಹೇಳ್ರಿ."

"ಹಕ್ಕೀನಾ?" ಅವನು ಪಕ್ಕದವರಿಗೂ ಕೇಳುವಂತೆ ನಕ್ಕ. "ನಾನು ಕೊಂಬೆ ಕಡಿಯಾಕೆ ಬಂದಿರೋನು ಸಾರ್, ಹಕ್ಕಿ ಹಿಡಿಯಾಕಲ್ಲ."

ಅವನು ಸುಳ್ಳು ಹೇಳಲಿಲ್ಲ. ಮೇಸ್ತ್ರಿ ಇಳಿದದ್ದು ನಿಜ, ಬೈಕಿನ ಹತ್ತಿರ ಹೋದದ್ದೂ ನಿಜ. ಪುಟ್ಟಿ ಬಿಚ್ಚಿಕೊಂಡು ಮತ್ತೆ ಹತ್ತಿದ್ದನ್ನು ಮಾತ್ರ ಅವನು ನೋಡಲಿಲ್ಲ. ಅವನು ಒಂದು ಸಲ ನೋಡಿದ್ದ.

ನಾನು ಮೇಸ್ತ್ರಿಗೆ ಎರಡು ಸಲ ಫೋನ್ ಮಾಡಿದೆ. ಎತ್ತಲಿಲ್ಲ. ಕಂಬ ಹತ್ತುವಾಗ ಫೋನನ್ನು ಬೈಕಿನ ಚೀಲದಲ್ಲಿಡುವುದು ಅವರ ಅಭ್ಯಾಸ ಎಂದು ನನಗೆ ಗೊತ್ತಿತ್ತು. ಗೊತ್ತಿತ್ತು ಎಂಬುದನ್ನು ಇಲ್ಲಿ ಬರೆಯಬೇಕು.

ಹನ್ನೆರಡು ಇಪ್ಪತ್ತೈದಕ್ಕೆ ಸೆಕ್ಷನ್ ಆಫೀಸರ ಫೋನ್. ಅವರೂ ಭವನದಲ್ಲೇ, ಮೊದಲ ಸಾಲಿನಲ್ಲಿದ್ದರು.

"ಏನ್ರೀ, ಎಷ್ಟೊತ್ತು? ಗುತ್ತಿಗೆದಾರ ಮುಗೀತು ಅಂತಾನೆ. ಇಲ್ಲಿ ಅತಿಥಿಗಳು ಬೀಸಣಿಗೆ ಕೇಳ್ತಿದಾರೆ."

"ಸಾರ್, ಮೇಸ್ತ್ರಿಯಿಂದ ವಾಪಸ್ ಬಂದಿಲ್ಲ. ಕೆಂಬೂತ ಅಂತ ಕೊಟ್ಟಿದ್ರು..."

"ಏನದು ಕೆಂಬೂತ? ಕೆಂಬೂತ ಗಿಂಬೂತ ಎಲ್ಲಾ ಇಲ್ಲಿ ಪರದೆ ಮೇಲೆ ಬರ್ಬೇಕು, ನಿಮ್ಮ ಪುಸ್ತಕದಾಗಲ್ಲ. ಲೈನ್ ಚಾರ್ಜ್ ಮಾಡ್ರಿ. ನಾನು ಹೇಳ್ತಿದೀನಿ."

ಹನ್ನೆರಡು ಮೂವತ್ತೊಂದಕ್ಕೆ ನಾನು ಎದ್ದು ಹಿಡಿ ತಿರುಗಿಸಿದೆ.

ಒಂದು ಸೆಕೆಂಡಿಗಿಂತ ಕಡಿಮೆ. ಕರೆಂಟ್ ಹಾಕುವ ಬ್ರೇಕರು ಕೂತ ಸದ್ದು, ಅದರ ಬೆನ್ನಿಗೇ ಅದು ಬಿದ್ದ ಸದ್ದು. ಹೂಟರ್ ಕೂಗಿತು. ಪ್ಯಾನೆಲಿನ ಮೇಲೆ ರಿಲೇಯ ಸಣ್ಣ ಕೆಂಪು ತಗಡು ಕೆಳಗೆ ಜಾರಿತು. ಅದಕ್ಕೆ ನಾವು ಫ್ಲ್ಯಾಗ್ ಎನ್ನುತ್ತೇವೆ. ಲೈನ್ ಎಲ್ಲೋ ನೆಲಕ್ಕೆ ತಗುಲಿದೆ ಎಂದು ಅದರ ಅರ್ಥ. ನೆಲಕ್ಕೂ ತಂತಿಗೂ ನಡುವೆ ಏನಿತ್ತು ಎಂಬುದನ್ನು ಅದು ಹೇಳುವುದಿಲ್ಲ. ರಾಡ್ ಇರಬಹುದು. ಮನುಷ್ಯನಿರಬಹುದು.

ನಾನು ಹೂಟರ್ ನಿಲ್ಲಿಸಿದೆ. ಮೇಸ್ತ್ರಿಗೆ ಎಂಟು ಸಲ ಫೋನ್ ಮಾಡಿದೆ. ಆಮೇಲೆ ಕೂತೆ. ಸ್ಟೇಷನ್ನಿನಲ್ಲಿ ನಾನೊಬ್ಬನೇ ಇದ್ದೆ, ಬಿಟ್ಟು ಹೋಗುವಂತಿರಲಿಲ್ಲ. ಎದ್ದು ಫ್ಲ್ಯಾಗನ್ನು ಮೇಲೆ ತಳ್ಳಿದೆ. ಲಾಗ್‌ಪುಸ್ತಕ ತೆರೆದು, ಪೆನ್ನಿನ ಮುಚ್ಚಳ ತೆಗೆದು, ಮತ್ತೆ ಹಾಕಿದೆ. ಸೆಕ್ಷನ್ ಆಫೀಸರು ಮತ್ತೆ ಫೋನ್ ಮಾಡಿದಾಗ, "ಇನ್ನೂ ವಾಪಸ್ ಬಂದಿಲ್ಲ ಸಾರ್, ಹಾಕೋದಿಲ್ಲ" ಎಂದೆ. ನನ್ನ ಜೀವಮಾನದಲ್ಲಿ ಮೇಲಧಿಕಾರಿಯ ಎದುರು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೊಂದೇ ಸಲ. ಗಟ್ಟಿತನ ಎಲ್ಲಿಂದ ಬಂತು ಎಂಬುದು ಅವರಿಗೆ ಗೊತ್ತಾಗಲಿಲ್ಲ.

ಒಂದು ಗಂಟೆ ಹತ್ತು ನಿಮಿಷಕ್ಕೆ ಫೋನ್ ಬಂತು.

"ಕೆಂಬೂತ."

ನಾನು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡೆ.

"ಆಪರೇಟ್ರೇ, ಕೇಳ್ತೈತಾ? ಕೆಂಬೂತ. ಲೈನ್ ಕ್ಲಿಯರ್ ವಾಪಸ್. ಹತ್ತು ಸಲ ಫೋನ್ ಮಾಡೀರಲ್ಲ ರೀ, ನಾನೇನು ಸತ್ತಿದ್ನಾ?"

"ಮೇಸ್ತ್ರಿ... ಏನಾದ್ರೂ ಆಯ್ತಾ?"

ಅವರ ಹಿಂದೆ ಕಾಗೆಗಳು ಗಲಾಟೆ ಮಾಡುವುದು ಕೇಳುತ್ತಿತ್ತು. "ಗೂಡ್ನಾಗೆ ಒಂದು ಕೋಗಿಲೆ ಮರಿ ಇತ್ತು ರೀ. ಬೇವಿನ ಮರಕ್ಕೆ ಕಟ್ಟಿದೀನಿ. ಹಾಕ್ರಿ ಲೈನು."

ಮಾರನೆಯ ವಾರ ನಮ್ಮಿಬ್ಬರಿಗೂ ನೋಟಿಸು ಬಂತು. ಎರಡು ಗಂಟೆ ಐವತ್ತು ನಿಮಿಷ ಲೈನ್ ನಿಲ್ಲಿಸಿದ್ದು ಏಕೆ, ಕೆಂಬೂತ ಎಂಬುದು ಇಲಾಖೆಯ ಯಾವ ನಿಯಮದ ಪ್ರಕಾರ ಬಳಕೆಯಲ್ಲಿದೆ, ಈ ಬಗ್ಗೆ ಮೂರು ದಿನದೊಳಗೆ ಸಮಜಾಯಿಷಿ ನೀಡುವುದು. ನಾನು ಎರಡು ಸಾಲು ಬರೆದೆ: ಹನ್ನೆರಡು ಹತ್ತಕ್ಕೆ ಲೈನ್ ಕ್ಲಿಯರ್ ವಾಪಸ್ ಬಂದಿರಲಿಲ್ಲ. ಒಂದು ಹತ್ತಕ್ಕೆ ವಾಪಸ್ ಬಂದ ಮೇಲೆ ಚಾರ್ಜ್ ಮಾಡಲಾಗಿದೆ. ಎರಡು ವಾಕ್ಯಗಳೂ ನಿಜ. ಅಕ್ಕಪಕ್ಕ ಕೂಡಿಸಿದರೆ ಸುಳ್ಳು.

ವಿಚಾರಣೆಯಲ್ಲಿ ಗುತ್ತಿಗೆದಾರ ತಲೆ ತಗ್ಗಿಸಿ, ಮೇಸ್ತ್ರಿ ಮತ್ತೆ ಹತ್ತಿದ್ದು ತನಗೆ ಗೊತ್ತಿರಲಿಲ್ಲ ಎಂದು ಒಪ್ಪಿಕೊಂಡ. ಆಗ ಸೆಕ್ಷನ್ ಆಫೀಸರ ಮುಖದ ಬಣ್ಣ ಇಳಿಯಿತು. ತಾನು ಫೋನಿನಲ್ಲಿ ಏನು ಹೇಳಿದ್ದೆ ಎಂಬುದು ಅವರಿಗೆ ನೆನಪಾಗಿರಬೇಕು. ಮೇಸ್ತ್ರಿಯನ್ನು ಕೇಳಿದರು.

"ನಾನು ಫೋನ್ ಮಾಡಿ ಕೆಂಬೂತ ಅಂದೆ. ಆಮೇಲೆ ಲೈನ್ ಬಂತು" ಎಂದರು ಮೇಸ್ತ್ರಿ. ಮತ್ತೇನಾದರೂ ಹೇಳುವುದಿದೆಯೇ ಎಂದಾಗ, "ಇಷ್ಟು ಗ್ಯಾರಂಟಿ ಸಾರ್" ಎಂದರು.

ನೋಟಿಸು ವಾಪಸಾಯಿತು. ಒಂದು ಜೀವ ಉಳಿಸಿದ ಆಪರೇಟರ್ ಎಂದು ಮೀಟಿಂಗಿನಲ್ಲಿ ನನ್ನ ಹೆಸರು ಹೇಳಿ ಚಪ್ಪಾಳೆ ತಟ್ಟಿದರು. ಅದೇ ಮೀಟಿಂಗಿನಲ್ಲಿ, ಇನ್ನು ಮುಂದೆ ಹಕ್ಕಿಯ ಹೆಸರು ಬಳಸಕೂಡದು, ನಂಬರನ್ನೇ ಬಳಸಬೇಕು ಎಂದು ಸುತ್ತೋಲೆಯನ್ನೂ ಓದಿದರು.

ಶಿಬಿರದವರ ಕತೆ ಬೇರೆ. ಪರದೆ ಬೆಳಗದೆ ಬೇಸತ್ತ ತಜ್ಞರು ಶಿಬಿರಾರ್ಥಿಗಳನ್ನು ಕೆರೆಯ ಏರಿಯ ಮೇಲೆ ಕರೆದುಕೊಂಡು ಹೋದರಂತೆ. ಅಲ್ಲಿ ನಿಜವಾದ ಹಕ್ಕಿಗಳಿದ್ದವು. ದೂರದ ಕಂಬದ ಮೇಲೆ ಒಬ್ಬ ಮನುಷ್ಯನೂ ಅವನ ಸುತ್ತ ಕಿರುಚುವ ಕಾಗೆಗಳೂ ಕಂಡು ಯಾರೋ ಫೋಟೋ ತೆಗೆದರು. ಎರಡು ದಿನದ ನಂತರ ಸ್ಥಳೀಯ ಪತ್ರಿಕೆಯೊಂದರಲ್ಲಿ ಅದು ಬಂತು: ಗೂಡಿಗೆ ಕೈಹಾಕಿದ ನಿರ್ದಯಿ. ನಾನು ಕೋಪದಿಂದ ಪತ್ರಿಕೆ ಹಿಡಿದುಕೊಂಡು ಮೇಸ್ತ್ರಿಯ ಹತ್ತಿರ ಹೋದೆ. ನನ್ನ ಕೋಪದಲ್ಲಿ ಎಷ್ಟು ಪಾಲು ಪತ್ರಿಕೆಯ ಮೇಲಿನದು ಎಂದು ನಾನು ಆಗ ಯೋಚಿಸಲಿಲ್ಲ.

ಅವರು ಚಿತ್ರವನ್ನು ಹತ್ತಿರ ಹಿಡಿದು ನೋಡಿದರು. "ಒಂದೇ ಸಲ ಬಂದೈತೆ. ಎರಡನೇ ಸಲ ಬರ್ಲಿ, ಆಮೇಲೆ ಸಿಟ್ಟು ಮಾಡೋಣ" ಎಂದರು. ನಂತರ, "ಇದ್ರಾಗೆ ಎಡಗಡೆ ಐತಲ್ಲ, ಅದು ಕಾಗೆ ಅಲ್ಲ ರೀ, ಕಾಜಾಣ. ಅವತ್ತು ನಾನು ನೋಡೇ ಇರ್ಲಿಲ್ಲ" ಎಂದು ಸಂತೋಷಪಟ್ಟರು.

ಸುತ್ತೋಲೆಯನ್ನು ಅವರು ಚಾಚೂ ತಪ್ಪದೆ ಪಾಲಿಸಿದರು. ನಂಬರ್ ಹೇಳುತ್ತಿದ್ದರು. ಹೇಳಿದ ಮೇಲೆ, "ಅದು ನಂಬರು. ಹಕ್ಕಿ ಬೆಳ್ಳಕ್ಕಿ" ಎನ್ನುತ್ತಿದ್ದರು. ನಾನು ನಂಬರನ್ನು ಲಾಗ್‌ಪುಸ್ತಕದಲ್ಲೂ ಹಕ್ಕಿಯನ್ನು ಅಂಗೈ ಮೇಲೂ ಬರೆದುಕೊಳ್ಳುತ್ತಿದ್ದೆ. ಅಂದಿನಿಂದ ಇಂದಿನವರೆಗೆ ಯಾವ ಲೈನ್‌ಮನ್ನನ್ನೂ ಎರಡು ಸಲ ಕೇಳದೆ ನಾನು ಹಿಡಿ ಮುಟ್ಟಿಲ್ಲ. ಹೊಸ ಹುಡುಗರು ಗೊಣಗುತ್ತಾರೆ. ಒಬ್ಬನಂತೂ, ನನಗೆ ಹಕ್ಕಿ ಬೇಕು ಎಂದು ಯಾರಿಂದಲೋ ಕೇಳಿ, ದಿನವೂ "ಕೋಳಿ" ಎನ್ನುತ್ತಾನೆ. ಪರವಾಗಿಲ್ಲ. ಬೆಳಿಗ್ಗೆ ಕಂಡಿರುತ್ತಾನೆ.

ನಡೆದದ್ದನ್ನು ಮೇಸ್ತ್ರಿಗೆ ಹೇಳಬೇಕೆಂದು ನಾನು ಅಂದುಕೊಂಡಿರಲಿಲ್ಲವೆಂದಲ್ಲ. ಅವರ ನಿವೃತ್ತಿಯ ದಿನ ಸೆಕ್ಷನ್ ಆಫೀಸರು ಶಾಲು ಹೊದಿಸಿ, ಆ ದಿನದ ಕತೆಯನ್ನು ಮತ್ತೆ ಹೇಳಿದರು. ಅವರ ಕತೆಯಲ್ಲಿ ಈಗ ಅವ‌ರೂ ಫೋನಿನಲ್ಲಿ ನನಗೆ ಧೈರ್ಯ ತುಂಬಿದ್ದರು. ಮೇಸ್ತ್ರಿ ಶಾಲಿನೊಳಗೆ ಬೆವರುತ್ತಾ, ಫ್ಯಾನಿನ ಬಟ್ಟಲಿನಲ್ಲಿ ಗುಬ್ಬಿ ಹುಲ್ಲು ತುಂಬುವುದನ್ನು ನೋಡುತ್ತಾ ಕೂತಿದ್ದರು. ಎಲ್ಲ ಮುಗಿದ ಮೇಲೆ ಗೇಟಿನವರೆಗೆ ಜೊತೆಗೆ ನಡೆದೆ.

"ಮೇಸ್ತ್ರಿ, ಅವತ್ತು ಏನಾಯ್ತು ಅಂದ್ರೆ, ನಾನು..."

"ಆ ಕೋಗಿಲೆ ಮರಿ ಹಾರ್ತು ರೀ" ಎಂದು ಅವರು ತಡೆದರು. "ನಿಮಗೆ ಹೇಳೋದೇ ಮರ್ತಿದ್ದೆ. ಎರಡು ಸಲ ಹೋಗಿ ನೋಡಿದೆ. ಕಾಗೆ ತುತ್ತು ಕೊಡ್ತಾನೇ ಇತ್ತು. ತನ್ನ ಮರಿ ಅಲ್ಲ ಅಂತ ಅದಕ್ಕೆ ಗೊತ್ತಾಗ್ದೆ ಇರ್ತದಾ? ಗೊತ್ತಿದ್ದೂ ಸುಮ್ನಿರ್ತಾವೇನೋ." ಬೈಕ್ ಹತ್ತಿ ಹೋದರು.

ಆಮೇಲೆ ಆರು ವರ್ಷ ಬೇಸಿಗೆಯ ಬೆಳಿಗ್ಗೆಗಳಲ್ಲಿ ನ್ಯಾಮತಿಯಿಂದ ಫೋನ್ ಬರುತ್ತಿತ್ತು. ಲೈನಿಲ್ಲ, ನಂಬರಿಲ್ಲ, ಹಕ್ಕಿ ಮಾತ್ರ. ಈ ಏಪ್ರಿಲಿನಲ್ಲಿ ಒಂದು ಮಧ್ಯಾಹ್ನ ಫ್ಯಾನಿನ ಕೆಳಗೆ ಮಲಗಿದವರು ಏಳಲಿಲ್ಲ. ಕಾಗೆ ಮುಟ್ಟಿ ಮುಟ್ಟಿ ಏನೂ ಆಗದ ಮನುಷ್ಯ.

ನಾಲ್ಕನೆಯ ದಿನ ನಾನು ನೋಟ್‌ಬುಕ್ ತೆರೆದೆ. ಮುಂದಿನ ಹಾಳೆಗಳೆಲ್ಲ ತುಂಬಿದ್ದವು. ಆ ದಿನಾಂಕವನ್ನು ಹುಡುಕಿದೆ. ಕೆಂಬೂತ ಎರಡು. ಕಾಗೆ ಗೂಡು ಒಂದು, ಮರಿ ಕಾಗೆಯದು ಒಂದು, ಕೋಗಿಲೆಯದು ಒಂದು, ಬೇವಿನ ಮರಕ್ಕೆ. ಕಾಗೆ ಮುಟ್ಟಿದ್ದು ಒಂಬತ್ತು. ಮತ್ತೇನೂ ಇರಲಿಲ್ಲ. ಮನಸ್ಸು ಹಗುರಾಯಿತು ಎಂದು ಹೇಳಿದರೆ ಅದು ನಿಜ, ಆದ್ದರಿಂದ ಬರೆಯುತ್ತಿದ್ದೇನೆ.

ಆಮೇಲೆ ನೋಟ್‌ಬುಕ್ ತಿರುವಿ ಹಿಂದಿನ ಹಾಳೆ ನೋಡಿದೆ. ಮೇಲೆ ಅಡಿಗೆರೆ ಹಾಕಿ ಬರೆದಿತ್ತು: ಒಂದೇ ಸಲ ಕಂಡವು. ಲೆಕ್ಕಕ್ಕಿಲ್ಲ.

ಪಟ್ಟಿ ಉದ್ದವಿರಲಿಲ್ಲ. ಜಗಳೂರು, ಬಯಲಿನಲ್ಲಿ ದೊಡ್ಡ ಹಕ್ಕಿ, ಎರೆಭೂತ ಇರಬಹುದು. ಹೊನ್ನಾಳಿ, ನೀರುನಾಯಿ ನಾಲ್ಕು; ಇದಕ್ಕೆ ಅಡ್ಡಗೆರೆ, ಪಕ್ಕದಲ್ಲಿ ಮುದುಕನ ಹೆಬ್ಬೆಟ್ಟು. ನ್ಯಾಮತಿ, ಚಿರತೆ, ಬಾಲ ಮಾತ್ರ. ಅದರ ಕೆಳಗೆ:

ಸೂಳೆಕೆರೆ ಲೈನು. ಮಧ್ಯಾಹ್ನ 12-31. ಅರ್ಥ್ ರಾಡಿನ ತುದಿಯಲ್ಲಿ ನೀಲಿ ಬೆಳಕು, ಪಟ್ ಅಂತ ಸದ್ದು. ಕಾಗೆಗಳು ಎದ್ದವು. ಆಮೇಲೆ ಕಾಯ್ದೆ. ಮತ್ತೆ ಕಾಣಲಿಲ್ಲ.

ಅವರ ಗಡಿಯಾರ ನನ್ನ ಗೋಡೆ ಗಡಿಯಾರದೊಂದಿಗೆ ನಿಮಿಷಕ್ಕೆ ನಿಮಿಷ ಹೊಂದುತ್ತಿತ್ತು. ಆ ನಿಮಿಷದ ಎದುರಿಗೆ ನನ್ನ ಲಾಗ್‌ಪುಸ್ತಕದಲ್ಲಿ ಏನೂ ಇಲ್ಲ. ಅದು ಈಗ ಯಾವುದೋ ದಾಖಲೆ ಕೋಣೆಯಲ್ಲಿದೆ, ನನ್ನ ಕೈಗೆ ಸಿಗುವುದಿಲ್ಲ. ಇದು ಸಿಕ್ಕಿದೆ.

ಪಕ್ಕದಲ್ಲಿ ಇನ್ನೊಬ್ಬರ ಸಹಿಗೆ ಬೇಕಾದಷ್ಟು ಜಾಗ ಬಿಟ್ಟಿದ್ದರು. ಜಾಗ ಎಲ್ಲ ಸಾಲುಗಳ ಪಕ್ಕದಲ್ಲೂ ಇತ್ತು; ನನಗಾಗಿಯೇ ಬಿಟ್ಟದ್ದು ಎಂದು ಹೇಳಲಾರೆ. ನಾನು ಪೆನ್ನಿನ ಮುಚ್ಚಳ ತೆಗೆದೆ. ಬೆಳಕನ್ನು ನಾನು ಕಂಡಿರಲಿಲ್ಲ, ಆದ್ದರಿಂದ ಬೆಳಕು ಎಂದು ಬರೆಯಲಿಲ್ಲ. 12-31ಕ್ಕೆ ಹಿಡಿ ತಿರುಗಿಸಿದವನು ನಾನು. ಫ್ಲ್ಯಾಗ್ ಬಿದ್ದದ್ದನ್ನು ಕಣ್ಣಾರೆ ಕಂಡಿದ್ದೇನೆ. ಇಷ್ಟು ಬರೆದು, ಕೆಳಗೆ ಸಹಿ ಹಾಕಿ, ಅವರ ಸಾಲಿಗೆ ಅಡ್ಡಗೆರೆ ಎಳೆದೆ. ಆಮೇಲೆ ನೋಟ್‌ಬುಕ್ಕಿನ ಮುಂದಿನ ಹಾಳೆಗೆ ಹೋಗಿ, ಆ ದಿನಾಂಕದಲ್ಲಿ ಕಾಗೆ ಮುಟ್ಟಿದ್ದು ಒಂಬತ್ತು ಎಂಬುದರ ಕೆಳಗೆ, ಆ ಸಾಲನ್ನು ಸೇರಿಸಿದೆ.